ಚಪ್ಪಲಿ ಹುಡುಕುತ್ತಾ ನಿಂತವಳು

"ಅವನಿಗೆ ಅವಳ ಮೇಲೆ ಪ್ರೀತಿ ಇದೆಯೋ ಇಲ್ಲವೋ? ಅಷ್ಟು ಹೇಳಿಬಿಡಿ, ನಾನು ಮನೆಗೆ ಹೋಗ್ತೀನಿ."

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಮೈಕ್ ಹಿಡಿದು ಕೇಳಿದ ಪ್ರಶ್ನೆ ಇದು. ಗ್ರಂಥಾಲಯದ ಸಭಾಂಗಣದಲ್ಲಿ ನಗು ಎದ್ದಿತು. ವೇದಿಕೆಯ ಮೇಲೆ ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಇವರು, ನನ್ನ ಸಹಲೇಖಕರು. ನಾವಿಬ್ಬರೂ ಸೇರಿ ಬರೆಯುತ್ತಿರುವ ಕಾದಂಬರಿಯ ಬಗ್ಗೆ ಮಾತಾಡಿ ಅಂತ ಕರೆದಿದ್ದರು. 'ಒಂದು ಕಾದಂಬರಿ, ಎರಡು ಕೈ' ಎಂದು ಹಿಂದೆ ಬ್ಯಾನರ್ ಬೇರೆ ಕಟ್ಟಿದ್ದರು.

ಕಾದಂಬರಿಯ ಕಥೆ ದೊಡ್ಡದೇನಲ್ಲ. ಒಂದು ಬೀದಿ, ಅಕ್ಕಪಕ್ಕ ಎರಡು ಅಂಗಡಿ, ನಡುವೆ ಒಂದೇ ಗೋಡೆ. ಈಚೆ ಕನ್ನಡಕ ಮಾರುವವಳು. ಆಚೆ ಚಿತ್ರಗಳಿಗೆ ಫ್ರೇಮ್ ಹಾಕುವವನು. ಅವಳ ಅಧ್ಯಾಯಗಳು ನನ್ನವು, ಅವನ ಅಧ್ಯಾಯಗಳು ಇವರವು.

ಇವರು ತಮ್ಮ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು, "ಸರ್, ಅದನ್ನ ಅವಳನ್ನೇ ಕೇಳಬೇಕು."

ಹೇಳುತ್ತಾ ನನ್ನ ಕಡೆ ಒಮ್ಮೆ ನೋಡಿದರು. ಎಡಗಡೆಯ ಹುಬ್ಬು ಮಾತ್ರ ಕೂದಲೆಳೆಯಷ್ಟು ಮೇಲೇರಿ ಇಳಿಯಿತು. ಕನ್ನಡಕದ ಮೇಲಂಚಿನಿಂದ ಬಂದ ಆ ನೋಟ ನನ್ನ ಮುಖದ ಮೇಲೆ ನಿಲ್ಲಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ನೀರಿನ ಬಾಟಲಿಯ ಮೇಲೆ ಹೋಗಿ ಕೂತಿತು. ಆ ಬಾಟಲಿಯ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು.

"ಪ್ರೀತಿ ಇರೋದು ಅವನಿಗೆ. ಅವಳನ್ನ ಕೇಳಿದ್ರೆ ಏನು ಗೊತ್ತಾಗತ್ತೆ?" ಅಂದೆ. ಮೈಕ್ ನಾನು ಅಂದುಕೊಂಡಿದ್ದಕ್ಕಿಂತ ಹತ್ತಿರದಲ್ಲಿತ್ತು. ನನ್ನ ದನಿ ಹಿಂದಿನ ಗೋಡೆಗೆ ಬಡಿದು ವಾಪಸ್ ಬಂತು.

"ಇರೋದು ಅಂತ ನೀವೇ ಹೇಳಿಬಿಟ್ರಲ್ಲ ಮೇಡಂ. ಸರಿ, ನಾನು ಬರ್ತೀನಿ," ಎಂದು ಹಿರಿಯರು ನಿಜಕ್ಕೂ ಎದ್ದು ಹೊರಟರು.

ಇವರು ನಕ್ಕರು. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಮೆಲ್ಲಗೆ.

ನಮ್ಮ ಪರಿಚಯ ಆದದ್ದೇ ಒಂದು ಜಗಳದಿಂದ. ಇವರ ಕಥಾಸಂಕಲನದ ಚರ್ಚೆಗೆ ಹೋಗಿದ್ದೆ. "ಇವರ ಕಥೆಗಳಲ್ಲಿ ಗಂಡಸರು ಬಹಳ ಚೆನ್ನಾಗಿ ಸುಮ್ಮನಿರ್ತಾರೆ. ಹೆಂಗಸರು ಬಾಯಿ ತೆರೆದರೆ ಮಾತ್ರ ಯಾರೋ ಗಂಡಸು ಬರೆದುಕೊಟ್ಟ ಭಾಷಣ ಓದಿದ ಹಾಗಿರತ್ತೆ," ಎಂದಿದ್ದೆ. ಇವರು ಸಿಟ್ಟಾಗಲಿಲ್ಲ. ಹೊರಗೆ ಮೆಟ್ಟಿಲ ಹತ್ತಿರ ನನಗಾಗಿ ಕಾದಿದ್ದು, "ಹಾಗಾದ್ರೆ ಒಂದು ಕೆಲಸ ಮಾಡೋಣ. ಹೆಂಗಸಿನ ಪಾಲು ನೀವು ಬರೀರಿ, ಗಂಡಸಿನದ್ದು ನಾನು. ನಿಮ್ಮವಳ ಬಾಯಿಗೆ ನಾನು ಒಂದು ಮಾತೂ ಹಾಕಲ್ಲ. ನನ್ನವನ ಬಾಯಿಗೆ ನೀವೂ ಹಾಕಬೇಡಿ," ಅಂದರು.

ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಬರೆಯತೊಡಗಿದ ಮೇಲೆ ಅದರ ಪಾಡು ತಿಳಿಯಿತು. ನನ್ನ ಅಧ್ಯಾಯದಲ್ಲಿ ಅವಳು ಏನಾದರೂ ಕೇಳುತ್ತಾಳೆ. ಅವನು ತಲೆ ಕೆರೆದುಕೊಳ್ಳುತ್ತಾನೆ, ಸುತ್ತಿಗೆ ಎತ್ತಿಕೊಳ್ಳುತ್ತಾನೆ, ಬೀದಿ ನೋಡುತ್ತಾನೆ. ಉತ್ತರ ಕೊಡುವ ಹಾಗಿಲ್ಲ. ಇವರ ಅಧ್ಯಾಯದಲ್ಲಿ ಅವನು ಕೇಳುತ್ತಾನೆ. ಅವಳು ಗಾಜು ಒರೆಸುತ್ತಾಳೆ. ಒರೆಸಿದ್ದನ್ನೇ ಒರೆಸುತ್ತಾಳೆ. ಇಡೀ ಪುಸ್ತಕದಲ್ಲಿ ಯಾರ ಪ್ರಶ್ನೆಗೂ ಯಾರೂ ಉತ್ತರ ಕೊಟ್ಟಿಲ್ಲ.

ಮೊದಮೊದಲು ಅದೇ ಚಂದ ಅನ್ನಿಸಿತ್ತು. ಆಮೇಲಾಮೇಲೆ ಆ ಗೋಡೆಯ ಈಚೆ ನಾನೇ ಕೂತ ಹಾಗೆ ಆಗತೊಡಗಿತು.

ನಾನು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಗಾಜಿನ ಕೊಳವೆಯಿಂದ ಒಂದೊಂದೇ ಹನಿ ಬಿಡುತ್ತಾ, ಕೆಳಗಿನ ಫ್ಲಾಸ್ಕಿನಲ್ಲಿ ಬಣ್ಣ ಯಾವಾಗ ತಿರುಗುತ್ತದೆಂದು ಕಾಯುವುದು ನನ್ನ ದಿನನಿತ್ಯದ ಕಸುಬು. ಎಷ್ಟು ಕಣ್ಣಿಟ್ಟು ಕೂತರೂ ತಿಳಿ ನೀರು ಗುಲಾಬಿಯಾಗುವ ಆ ಗಳಿಗೆ ತಪ್ಪಿಹೋಗುತ್ತದೆ. ನೋಡಿದಾಗ ಆಗಿಹೋಗಿರುತ್ತದೆ. ಇವರ ವಿಷಯದಲ್ಲೂ ಹಾಗೇ ಆಯಿತು. ಯಾವ ಶನಿವಾರ, ಯಾವ ಪುಟ ಎಂದು ಕೇಳಿದರೆ ಹೇಳಲಾರೆ.

ಶನಿವಾರ ಏಕೆಂದರೆ, ಪ್ರತಿ ಶನಿವಾರ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ನಾವು ಸೇರುತ್ತೇವೆ. ಹಳೆಯ ಪತ್ರಿಕೆಗಳ ಕಟ್ಟುಗಳು, ಒಂದು ಕಿಟಕಿ, ಒಂದು ಕಾಲು ಗಿಡ್ಡಾದ ಮೇಜು. ಬರೆದವರೇ ಓದಿದರೆ ತಪ್ಪು ಕಿವಿಗೆ ಬೀಳುವುದಿಲ್ಲ ಎಂದು ನನ್ನ ಪುಟಗಳನ್ನು ಇವರು ಗಟ್ಟಿಯಾಗಿ ಓದುತ್ತಾರೆ, ಇವರ ಪುಟಗಳನ್ನು ನಾನು. ಈ ಓದೇ ನನ್ನ ಪಾಲಿನ ಶಿಕ್ಷೆ. ನಾನು ರಾತ್ರಿಯೆಲ್ಲ ಉಸಿರು ಬಿಗಿಹಿಡಿದು ಬರೆದ ಸಾಲು, 'ಆಚೆ ಸುತ್ತಿಗೆಯ ಸದ್ದು ನಿಂತಾಗಲೆಲ್ಲ ಅವಳ ಎದೆ ಗೋಡೆಗೆ ಕಿವಿಗೊಡುತ್ತಿತ್ತು,' ಇವರ ಬಾಯಲ್ಲಿ ವಾಷಿಂಗ್ ಮಷಿನ್ ಬಳಸುವ ವಿಧಾನದ ಹಾಗೆ ಬರುತ್ತದೆ.

ಅದು ತಮಾಷೆಗೆ ಹೇಳಿದ್ದಲ್ಲ. ಇವರ ಹೊಟ್ಟೆಪಾಡಿನ ಕೆಲಸವೇ ಯಂತ್ರಗಳ ಕೈಪಿಡಿ ಬರೆಯುವುದು. 'ಗುಂಡಿಯನ್ನು ಒತ್ತಿರಿ. ಹಸಿರು ದೀಪ ಹೊತ್ತುವವರೆಗೆ ಕಾಯಿರಿ. ಅದಕ್ಕೆ ಮೊದಲು ಮುಚ್ಚಳ ತೆರೆಯಬೇಡಿ.' ಮನೆಯಲ್ಲಿ ನನ್ನ ಅಕ್ಕ ಇವರಿಗಿಟ್ಟ ಹೆಸರೂ ಅದೇ, ಕೈಪಿಡಿ.

ಅವತ್ತು ಸಭೆ ಮುಗಿದ ಮೇಲೆ ನಮ್ಮ ಪ್ರಕಾಶನದ ಸಂಪಾದಕಿ ನನ್ನನ್ನು ಕಾಫಿ ಮಷಿನ್ ಹತ್ತಿರ ಎಳೆದುಕೊಂಡು ಹೋದರು. ಹೇಳಬೇಕಾದ್ದನ್ನು ಸುತ್ತಿಬಳಸದೆ ಹೇಳುವ ಹೆಂಗಸು.

"ಇಬ್ಬರು ಮೂಗರನ್ನ ಇಟ್ಟುಕೊಂಡು ಪುಸ್ತಕ ಮಾಡಿದ್ದೀರಿ. ಇರಲಿ, ಓದಿಸಿಕೊಂಡು ಹೋಗತ್ತೆ. ಕೊನೆ ಎಲ್ಲಿ?"

"ಬರ್ತಿದೆ."

"ಬಸ್ಸಾ ಅದು, ಬರ್ತಿದೆ ಅನ್ನೋಕೆ? ಸೋಮವಾರ ನನಗೆ ಬೇಕು. ಇಲ್ಲ ಅಂದ್ರೆ ಅವರು ಕೊಡ್ತೀನಿ ಅಂದಿರೋದನ್ನೇ ಹಾಕ್ತೀನಿ."

"ಅವರು ಏನು ಕೊಡ್ತೀನಿ ಅಂದ್ರು?"

ಸಂಪಾದಕಿ ಕಪ್ಪನ್ನು ಊದುತ್ತಾ ನನ್ನನ್ನೇ ನೋಡಿದರು. "ನಿಮಗೆ ಹೇಳಿಲ್ವಾ? ಕೊನೆಗೆ ಅವಳು ಅಂಗಡಿ ಬಿಟ್ಟು ಹೋಗ್ತಾಳೆ. ಇವನು ಬಾಗಿಲಲ್ಲಿ ನಿಂತು ನೋಡ್ತಾನೆ. ಮುಗೀತು. ಒಂದೇ ಪುಟ. ನಾನೇ ಬರೆದುಕೊಡ್ತೀನಿ ಅಂದ್ರು. ಅವಳ ಇಷ್ಟವೂ ಅದೇ ಇದ್ದ ಹಾಗಿದೆ ಅಂದ್ರು."

ಕಾಫಿ ಮಷಿನ್ ಗೊರಗೊರ ಸದ್ದು ಮಾಡುತ್ತಿತ್ತು.

ಅವಳ ಇಷ್ಟವೂ ಅದೇ ಅಂತೆ. ಅವಳನ್ನು ಬರೆಯುವವಳು ನಾನು. ಪುಸ್ತಕ ಮುಗಿದರೆ ಶನಿವಾರಗಳೂ ಮುಗಿಯುತ್ತವೆ. ಬೇರೆ ನೆಪವೊಂದನ್ನು ಹುಡುಕುವ ಧೈರ್ಯ ನನಗಿಲ್ಲ, ಹುಡುಕುವ ಮನಸ್ಸು ಇವರಿಗಿದೆಯೋ ಗೊತ್ತಿಲ್ಲ. ಆ ಒಂದು ಪುಟದಲ್ಲಿ ಅವಳ ಹಿಂದೆ ನಾನೂ ಬೀದಿ ದಾಟಿ ಹೋಗಬೇಕಿತ್ತು.

ಮಾರನೆಯ ಬೆಳಿಗ್ಗೆ ಅಕ್ಕನ ಮುಂದೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುವ ಬದಲು ಚುಚ್ಚುತ್ತಾ ಕೂತಿದ್ದೆ. ಅಕ್ಕ ಹಲ್ಲಿನ ಡಾಕ್ಟರ್.

"ಬ್ರೆಡ್ಡಿಗೆ ಅನಸ್ತೇಶಿಯಾ ಕೊಟ್ಟಿದೀಯಾ? ಪಾಪ, ಬಿಡೇ ಅದನ್ನ," ಅಂದಳು. "ಕೈಪಿಡಿ ಏನಂತೆ?"

"ಏನೂ ಅನ್ನಲ್ಲ. ಅದೇ ಕಷ್ಟ."

"ನನ್ನ ಪೇಷಂಟ್‌ಗಳು ಬಾಯಿ ತೆರೆದಿಟ್ಟುಕೊಂಡು ಮಾತಾಡಲ್ಲ. ನಿನ್ನವನು ಬಾಯಿ ಮುಚ್ಚಿಕೊಂಡು ಮಾತಾಡಲ್ಲ. ಎರಡಕ್ಕೂ ಔಷಧ ಒಂದೇ. ಎಲ್ಲಿ ನೋಯತ್ತೆ ಅಂತ ಮುಟ್ಟಿ ನೋಡಬೇಕು."

"ಅವನು ನನ್ನವನಲ್ಲ ಅಕ್ಕ."

"ಹೂಂ. ಅದಕ್ಕೇ ತಾನೇ ಬ್ರೆಡ್ಡಿನ ಮೇಲೆ ಈ ಕೋಪ." ತಟ್ಟೆಯನ್ನು ನನ್ನ ಮುಂದಿನಿಂದ ಎಳೆದುಕೊಂಡು ತಾನೇ ಬೆಣ್ಣೆ ಹಚ್ಚಿದಳು. "ಒಂದು ಕೇಳ್ತೀನಿ. ಕಥೇಲಿ ಅವಳು ಬ್ಯಾಗ್ ಕಟ್ಟಿಕೊಂಡು ನಿಂತಳು ಅಂತ ಬರೆದವಳು ಯಾರು? ನೀನೇ ತಾನೇ?"

"ಅವನು ತಡೀಲಿ ಅಂತ ಬರೆದೆ."

"ಹಾಗಂತ ಬರೆದೆಯಾ?"

"ಯಾರಾದ್ರೂ ಹಾಗೆ ಬರೀತಾರಾ? ಅದು ಓದಿದವರಿಗೆ ಗೊತ್ತಾಗಬೇಕು."

"ಮಷಿನ್ನಿನ ಕೈಪಿಡಿ ಬರೆಯೋನಿಗೆ ಸೂಚ್ಯವಾಗಿ ಹೇಳಿದ್ದಾಳಂತೆ ಈ ಮಹಾತಾಯಿ," ಎಂದು ಅಕ್ಕ ನಿಟ್ಟುಸಿರು ಬಿಟ್ಟು, ನನ್ನ ಬ್ರೆಡ್ಡನ್ನು ತಾನೇ ತಿಂದಳು.

ಶನಿವಾರ ನಾನು ಹೋಗುವ ಹೊತ್ತಿಗೆ ಇವರು ಮೇಜಿನ ಗಿಡ್ಡ ಕಾಲಿಗೆ ಮಡಚಿದ ಕಾಗದದ ಒತ್ತು ಕೊಡುತ್ತಾ ಮಂಡಿಯೂರಿ ಕೂತಿದ್ದರು. ನಾನು ಕೂರುವ ಕಡೆಯ ಕಾಲು ಅದು. ಅಲುಗಾಡಿದರೆ ನನ್ನ ಅಕ್ಷರ ಕೆಡುತ್ತದೆಂದು ಯಾವಾಗಲೋ ಒಮ್ಮೆ ಗೊಣಗಿದ್ದೆ. ಅಂದಿನಿಂದ ಪ್ರತಿ ವಾರ ಇದು ನಡೆಯುತ್ತದೆ. ಇಂಥದ್ದನ್ನೆಲ್ಲ ಮಾಡುವ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಲ್ಲ. ಆದರೂ ಮಾಡಿಕೊಂಡೆ.

"ಅವಳನ್ನ ಕಳಿಸಿಬಿಡ್ತೀರಂತೆ."

ಇವರು ಎದ್ದು ಮಂಡಿಯ ಧೂಳು ಕೊಡವಿಕೊಂಡರು. "ನಾನು ಕಳಿಸ್ತಿಲ್ಲ. ಅವಳೇ ಹೊರಟಿದ್ದಾಳೆ. ನಿಮ್ಮ ಅಧ್ಯಾಯದಲ್ಲೇ ಬ್ಯಾಗ್ ಕಟ್ಟಿದ್ದಾಳಲ್ಲ."

"ಕಟ್ಟಿದಳು. ಹೋದಳಾ?"

"ಬಾಗಿಲ ಹತ್ತಿರ ನಿಂತಿದ್ದಾಳೆ."

"ಎಷ್ಟು ಹೊತ್ತು?"

ಇವರು ಪುಟ ತಿರುವಿದರು. ಇನ್ನೊಂದು ತಿರುವಿದರು. "ಬಹಳ ಹೊತ್ತು."

"ಯಾಕೆ ನಿಂತಿದ್ದಾಳೆ ಅಂತ ಯೋಚನೆ ಮಾಡಿದ್ರಾ?"

"ಚಪ್ಪಲಿ ಹುಡುಕ್ತಿದ್ದಾಳೆ," ಅಂದರು, ಬಹಳ ಪ್ರಾಮಾಣಿಕವಾಗಿ. "ನೀವೇ ಬರೆದಿದ್ದೀರಿ, ಇಲ್ಲಿ. 'ಚಪ್ಪಲಿ ಎಲ್ಲಿಟ್ಟಿದ್ದೆನೆಂದು ಅವಳಿಗೆ ನೆನಪಾಗಲಿಲ್ಲ.' ನಾನು ಕೆಳಗೆ ಟಿಪ್ಪಣಿಯನ್ನೂ ಹಾಕಿದ್ದೆ, ಚಪ್ಪಲಿ ಹುಡುಕೋದು ಸ್ವಲ್ಪ ಉದ್ದ ಆಯ್ತು, ಕಡಿಮೆ ಮಾಡಬಹುದು ಅಂತ."

ನಾನು ಕುರ್ಚಿಯ ಮೇಲೆ ಕೂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಹೆಣ್ಣು ತನ್ನದೇ ಅಂಗಡಿಯಲ್ಲಿ, ತನ್ನದೇ ಬಾಗಿಲಲ್ಲಿ, ಕಾಲ ಬಳಿಯೇ ಬಿದ್ದಿರುವ ಚಪ್ಪಲಿಯನ್ನು ಪುಟಗಟ್ಟಲೆ ಹುಡುಕುತ್ತಾಳೆ. ಗೋಡೆಯಾಚೆ ಇರುವವನು ಬರಲಿ ಎಂದು. ಬರುವುದಕ್ಕೆ ಅವನಿಗೆ ಸಮಯ ಸಿಗಲಿ ಎಂದು. ಇವರು ಅದರ ಉದ್ದ ಅಳೆದಿದ್ದಾರೆ.

"ನಿಮ್ಮವನು ಯಾಕೆ ಬರಲಿಲ್ಲ?" ಕೇಳಿದೆ.

"ಬಂದು ಏನು ಹೇಳಬೇಕು? ಇರು ಅಂದರೆ ಅವಳು ಏನಾದರೂ ಅನ್ನಬೇಕು. ಅವಳು ಏನಂತಾಳೆ ಅನ್ನೋದು ನನ್ನ ಕೈಯಲ್ಲಿಲ್ಲ. ಅವಳ ಬಾಯಿಗೆ ನಾನು ಮಾತು ಹಾಕಬಾರದು." ಪುಟಗಳನ್ನು ಮೇಜಿನ ಮೇಲಿಟ್ಟು, "ಅವಳಿಗೆ ಇಷ್ಟ ಇದೆಯೋ ಇಲ್ಲವೋ ಗೊತ್ತಿಲ್ಲದೆ ಇದೆ ಅಂತ ನಾನೇ ಬರೆದುಕೊಂಡರೆ, ನೀವು ಮೊದಲ ದಿನ ಹೇಳಿದ ಮಾತು ನಿಜ ಆಗಲ್ವಾ?" ಅಂದರು.

ಹೇಳುವಾಗ ಇವರ ಕಣ್ಣು ನನ್ನ ಮೇಲಿರಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈ ಮೇಲಿತ್ತು. ನಾನು ಕೈ ತೆಗೆಯಲಿಲ್ಲ. ನೋಟವೂ ಹೋಗಲಿಲ್ಲ. ಕಿಟಕಿಯ ಬೆಳಕು ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಚೌಕವಾಗಿ ಬಿದ್ದಿತ್ತು. ಅದರಾಚೆಗೆ ಇವರ ಬೆರಳು, ಈಚೆಗೆ ನನ್ನವು. ಹಸಿರು ದೀಪ ಹೊತ್ತುವವರೆಗೆ ಕಾಯುವ ಜಾತಿ ಇದು ಎಂದು ಅವತ್ತು ಮೊದಲ ಸಲ ಸರಿಯಾಗಿ ಅರ್ಥವಾಯಿತು. ಇಲ್ಲಿ ನಾನು ದೀಪ ಹಿಡಿದುಕೊಂಡೇ ನಿಂತಿದ್ದೆ, ಸೂಚ್ಯವಾಗಿ.

"ನಿಯಮ ಮುರಿಯೋಣ," ಅಂದೆ.

"ಅಂದ್ರೆ?"

"ಇವತ್ತು ಅವಳ ಮಾತು ನೀವು ಬರೀರಿ. ಅವನ ಮಾತು ನಾನು ಬರೀತೀನಿ. ಬಾಗಿಲ ಹತ್ತಿರ ಇಬ್ಬರೂ ನಿಂತಿದ್ದಾರೆ ಅಂತ ಇಟ್ಟುಕೊಳ್ಳಿ. ಅಷ್ಟೇ."

"ನಾನು ಬರೆದರೆ ಭಾಷಣ ಆಗತ್ತೆ."

"ಆದ್ರೆ ಹೇಳ್ತೀನಿ. ಅದರಲ್ಲಿ ನನಗೆ ಅಭ್ಯಾಸ ಇದೆ."

ಇವರ ತುಟಿಯ ಒಂದು ಮೂಲೆ ನಕ್ಕಿತು. ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದುಕೊಂಡರು.

ಒಂದೇ ಮೇಜಿನ ಆಚೀಚೆ ಕೂತು ಬರೆದೆವು. ಇವರು ಬರೆಯುವಾಗ ತುಟಿ ಅಲುಗುತ್ತದೆ ಎಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಪ್ರತಿ ಮಾತನ್ನೂ ಒಮ್ಮೆ ಬಾಯಲ್ಲಿ ಇಟ್ಟು ನೋಡುತ್ತಿದ್ದರು, ನಡುನಡುವೆ ನನ್ನನ್ನು ನೋಡುತ್ತಿದ್ದರು, ನಾನು ತಲೆ ಎತ್ತಿದರೆ ಕಾಗದ ನೋಡುತ್ತಿದ್ದರು. ನಾನು ಬರೆದದ್ದು ಒಂದು ಇಡೀ ಪುಟವಾಯಿತು. ಇಷ್ಟು ದಿನ ಅವನು ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಸಿದೆ. ನ್ಯಾಯವಾಗಿ ನನಗೆ ಬರಬೇಕಾದ ಬಾಕಿ ಅದು.

ಕಾಗದ ಬದಲಾಯಿಸಿಕೊಂಡೆವು.

ಇವರ ಹಾಳೆಯಲ್ಲಿ ಇದ್ದದ್ದು ಒಂದೇ ಮಾತು. ಕನ್ನಡಕದ ಅಂಗಡಿಯವಳು ಹೇಳುತ್ತಾಳೆ: 'ಚಪ್ಪಲಿ ಸಿಕ್ಕಿ ಎಷ್ಟೋ ಹೊತ್ತಾಯ್ತು. ನಿಮಗೆ ಗೊತ್ತಾಗಲಿ ಅಂತ ಇನ್ನೂ ಹುಡುಕ್ತಾ ನಿಂತಿದೀನಿ.'

ನಾನು ತಪ್ಪು ಹುಡುಕಿದೆ. ಸಿಟ್ಟನ್ನು ಉಳಿಸಿಕೊಳ್ಳುವುದಕ್ಕಾದರೂ ಒಂದು ತಪ್ಪು ಬೇಕಿತ್ತು. ಗಂಡಸು ಬರೆದದ್ದು ಅನ್ನಿಸುವ ಒಂದು ಪದ, ಒಂದು ಒಯ್ಯಾರ. ಏನೂ ಸಿಗಲಿಲ್ಲ. ಅದು ಅವಳ ದನಿ. ಅವಳಿಗೆ ನಾನು ಕೊಟ್ಟಿದ್ದ ದನಿ. ಅಂದರೆ ನನ್ನ ದನಿ, ನಾನು ಗೊಣಗುವ ರೀತಿ, ಮಾತಿನ ಕೊನೆಗೆ ಬರುವ ನನ್ನ ಆ ಸಣ್ಣ ಮೊಂಡುತನ. ವಾಷಿಂಗ್ ಮಷಿನ್ನಿನ ಹಾಗೆ ಓದುತ್ತಾ ಕೂತಿದ್ದ ಮನುಷ್ಯ ಇಷ್ಟು ಶನಿವಾರ ಮಾಡಿದ್ದು ಇದನ್ನು. ಕೇಳಿಸಿಕೊಳ್ಳುತ್ತಿದ್ದರು.

ತಲೆ ಎತ್ತಿದೆ, ಏನಾದರೂ ಹೇಳೋಣ ಎಂದು.

ಇವರು ನನ್ನ ಪುಟವನ್ನು ಹೊಡೆದುಹಾಕುತ್ತಿದ್ದರು.

"ಏನು ಮಾಡ್ತಿದ್ದೀರಿ?"

"ಇವನು ಇಷ್ಟೆಲ್ಲ ಮಾತಾಡಲ್ಲ."

"ಒಂದು ಸಲ ಮಾತಾಡಲಿ. ಪುಸ್ತಕ ಮುಗಿಯೋ ಹೊತ್ತಿಗಾದರೂ."

ಪೆನ್ಸಿಲ್ ನಿಲ್ಲಲಿಲ್ಲ. ಮೊದಲ ಪ್ಯಾರಾ ಹೋಯಿತು. ಎರಡನೆಯದು ಹೋಯಿತು. 'ಗೋಡೆಗೆ ಮೊಳೆ ಹೊಡೆಯುವಾಗಲೆಲ್ಲ ಆಚೆ ನಿನಗೆ ತಾಗೀತೆಂದು ಕೈ ತಡೆಯುತ್ತಿತ್ತು' ಎಂಬಲ್ಲಿಗೆ ಬಂದು ಪೆನ್ಸಿಲ್ ಗಾಳಿಯಲ್ಲಿ ನಿಂತಿತು.

"ಇದು ಬಹಳ ಚೆನ್ನಾಗಿದೆ," ಅಂದರು. ಆಮೇಲೆ ಅದನ್ನೂ ಹೊಡೆದರು.

"ಚೆನ್ನಾಗಿದೆ ಅಂದ್ರಲ್ಲ."

"ಚೆನ್ನಾಗಿದೆ. ಆದ್ರೆ ಇದು ಅವನು ಅವಳಿಗೆ ಹೇಳೋ ಮಾತಲ್ಲ. ನೀವು ಓದುಗರಿಗೆ ಹೇಳೋ ಮಾತು."

ಸರಿಯಾಗಿಯೇ ಇತ್ತು. ಅದನ್ನೇ ತಡೆಯಲಾಗಲಿಲ್ಲ. ಈ ಮನುಷ್ಯ ನನ್ನ ಎದೆಯನ್ನು ಹಾಳೆಯ ಮೇಲೆ ಹರಡಿಕೊಂಡು ಸಾಲು ಸಾಲಾಗಿ ಹೊಡೆಯುತ್ತಿದ್ದಾನೆ, ಅದೂ ಸರಿಯಾದ ಕಾರಣಗಳನ್ನು ಕೊಟ್ಟು. ಎದ್ದು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡೆ.

"ಒಂದು ಪುಟ ಬರೆದುಕೊಡ್ತೀನಿ ಅಂದಿದ್ರಲ್ಲ, ಅದನ್ನೇ ಕೊಡಿ. ಅವಳು ಹೋಗ್ತಾಳೆ."

ಬಾಗಿಲ ಹತ್ತಿರ ಬಂದಾಗ ಛತ್ರಿಯ ನೆನಪಾಯಿತು. ಬರುವಾಗ ತಂದಿದ್ದೆ. ಬಾಗಿಲ ಹಿಂದೆ ನೋಡಿದೆ. ಪತ್ರಿಕೆಯ ಕಟ್ಟುಗಳ ಸಂದಿಯಲ್ಲಿ ನೋಡಿದೆ. ಕಣ್ಣು ತುಂಬಿಕೊಂಡಿದ್ದರಿಂದ ಎಲ್ಲವೂ ನೀರಿನೊಳಗೆ ಇದ್ದ ಹಾಗಿತ್ತು. ಹೊರಡುವವಳಿಗೆ ಛತ್ರಿ ಸಿಗದೆ ಇರುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

"ನನ್ನ ಛತ್ರಿ ಎಲ್ಲಿ?"

"ನಿಮ್ಮ ಕೈಯಲ್ಲೇ ಇದೆ."

ಇತ್ತು. ಬ್ಯಾಗ್ ಎತ್ತಿಕೊಳ್ಳುವಾಗ ಮಣಿಕಟ್ಟಿಗೆ ತೂಗುಹಾಕಿಕೊಂಡಿದ್ದೆ.

ಹಿಂದೆ ಕುರ್ಚಿ ಸರಿಯಿತು. ಇವರು ಎದ್ದು ಬಂದು, ಇನ್ನೊಂದು ಹೆಜ್ಜೆ ಇಟ್ಟರೆ ಹೆಚ್ಚಾದೀತು ಅನ್ನುವಲ್ಲಿ ನಿಂತರು. ನನ್ನ ಹಾಳೆ ಕೈಯಲ್ಲಿತ್ತು, ಮೇಲಿಂದ ಕೆಳಗಿನವರೆಗೆ ಪೆನ್ಸಿಲ್ ಗೆರೆಗಳು. ಕೊನೆಯ ಸಾಲೊಂದು ಮಾತ್ರ ಹಾಗೇ ಉಳಿದಿತ್ತು. ಇವರು ಅದನ್ನು ನೋಡಿ ಓದಲಿಲ್ಲ. ಹಾಳೆಯನ್ನು ಕೆಳಗಿಳಿಸಿ, ಕನ್ನಡಕ ತೆಗೆದು, ನನ್ನನ್ನು ನೋಡಿದರು. ಕನ್ನಡಕವಿಲ್ಲದ ಆ ಕಣ್ಣುಗಳಿಗೆ ಓಡಿಹೋಗಿ ಕೂರಲು ಯಾವ ಬಾಟಲಿಯೂ ಇರಲಿಲ್ಲ.

"ಹೋಗಬೇಡ," ಅಂದರು.

ಕೈಪಿಡಿಯ ದನಿಯಲ್ಲ ಅದು. ನಡುವೆ ಎಲ್ಲೋ ಒಡೆದಿತ್ತು.

"ಇದು ಅವನ ಮಾತಾ, ನಿಮ್ಮದಾ?" ಕೇಳುವಷ್ಟು ಸಿಟ್ಟು ಇನ್ನೂ ಉಳಿದಿತ್ತು.

"ನೀವು ಬರೆದದ್ದು. ನಾನು ಉಳಿಸಿಕೊಂಡದ್ದು." ಹಾಳೆಯ ಗೆರೆಗಳನ್ನು ತೋರಿಸಿ, "ಮಿಕ್ಕಿದ್ದೆಲ್ಲ ಸುಳ್ಳು ಅಂತ ಹೊಡೆದದ್ದಲ್ಲ. ಒಂದೊಂದಾಗಿ ಹೇಳ್ತೀನಿ. ಒಂದೇ ದಿನ ಆಗಲ್ಲ ನನ್ನ ಕೈಲಿ," ಅಂದರು.

"ಶನಿವಾರ ಶನಿವಾರ ಹೇಳ್ತೀರಾ?"

"ಮಿಕ್ಕ ದಿನಗಳಲ್ಲೂ ಬಿಡುವು ಮಾಡಿಕೊಳ್ಳಬಹುದು," ಅಂದರು. ಆ ಎಡ ಹುಬ್ಬು ಮೇಲೇರಿತು. "ಈಗ ಅವಳು ಏನಂತಾಳೆ?"

ಅವಳು ಏನನ್ನುತ್ತಾಳೆ ಎಂದು ಇವರೇ ಬರೆದಿಟ್ಟಿದ್ದರು. ನನಗೆ ಬಾಯಿಪಾಠ ಆಗಿತ್ತು.

"ಛತ್ರಿ ಕೈಯಲ್ಲೇ ಇತ್ತು," ಅಂದೆ. "ನಿನಗೆ ಗೊತ್ತಾಗಲಿ ಅಂತ ಹುಡುಕ್ತಾ ನಿಂತಿದ್ದೆ."

ಅದು ಸುಳ್ಳು. ಛತ್ರಿ ನನಗೆ ನಿಜವಾಗಿಯೂ ಕಂಡಿರಲಿಲ್ಲ. ಆದರೆ ಅಷ್ಟು ಚೆನ್ನಾಗಿ ಕೂತ ಮಾತನ್ನು ಯಾರೂ ತಿದ್ದಬಾರದು, ಅವನೂ ತಿದ್ದಲಿಲ್ಲ.